ಸರ್ವರ್‌ನಲ್ಲಿ ಮಾಡ್ಯೂಲ್ ನೋಂದಣಿ: ಗ್ಲೋಬಲ್ ಕನ್‌ಸ್ಟ್ರಕ್ಟರ್ ಬಿಟ್ಟು ಬೇರೆ ಏನು ಮಾಡಬಹುದು?

ಬೇರುಬಳ್ಳಿ (ಪ್ರಶ್ನೆ)

ಲಿನಕ್ಸ್‌ನಲ್ಲಿ ಓಡುವ ಸಿ ಪ್ಲಸ್‌ಪ್ಲಸ್ ಸರ್ವರ್. ಒಟ್ಟು 14 ಮಾಡ್ಯೂಲ್: ಲಾಗಿನ್, ಡೇಟಾಬೇಸ್ ಪೂಲ್, ಕ್ಯಾಶ್, ಸೆಷನ್, ಕಂಪ್ರೆಷನ್ ಇತ್ಯಾದಿ. ಪ್ರತಿ ಮಾಡ್ಯೂಲಿನ ಫೈಲಿನಲ್ಲೂ ಒಂದು ಗ್ಲೋಬಲ್ ಆಬ್ಜೆಕ್ಟ್ ಇದೆ. ಅದರ ಕನ್‌ಸ್ಟ್ರಕ್ಟರ್ ಓಡಿದಾಗ ಮಾಡ್ಯೂಲ್ ತಾನಾಗಿ ರಿಜಿಸ್ಟ್ರಿಗೆ (ಮಾಡ್ಯೂಲ್‌ಗಳ ಪಟ್ಟಿಗೆ) ಸೇರಿಕೊಳ್ಳುತ್ತದೆ. ಇದು ಮೂರು ಕಡೆ ಕೈಕೊಡುತ್ತಿದೆ:

1. ಮಾಡ್ಯೂಲ್‌ಗಳನ್ನು ಸ್ಟ್ಯಾಟಿಕ್ ಲೈಬ್ರರಿ ಮಾಡಿ ಲಿಂಕ್ ಮಾಡಿದರೆ ಕೆಲವು ಕಾಣೆಯಾಗುತ್ತವೆ. ಎರರ್ ಏನೂ ಬರುವುದಿಲ್ಲ.
2. ಒಂದು ಬಿಲ್ಡ್‌ನಲ್ಲಿ ಡೇಟಾಬೇಸ್ ಪೂಲ್ ಮೊದಲು ಏಳುತ್ತದೆ, ಇನ್ನೊಂದರಲ್ಲಿ ಲಾಗಿನ್ ಮೊದಲು ಎದ್ದು ಖಾಲಿ ಪಾಯಿಂಟರ್ ಹಿಡಿದು ಬೀಳುತ್ತದೆ.
3. ಡಿಎಲ್‌ಕ್ಲೋಸ್ (ಲೋಡ್ ಆದ ಲೈಬ್ರರಿಯನ್ನು ಇಳಿಸುವ ಕರೆ) ಮಾಡಿ ಹೊಸ ಪ್ರತಿ ಲೋಡ್ ಮಾಡಿದಾಗ ಆಗಾಗ ಸೆಗ್‌ಫಾಲ್ಟ್ (ತಪ್ಪು ಮೆಮೊರಿ ಮುಟ್ಟಿ ಪ್ರೊಸೆಸ್ ಬೀಳುವುದು). ಬ್ಯಾಕ್‌ಟ್ರೇಸ್‌ನಲ್ಲಿ ಫಂಕ್ಷನ್ ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು.

ಮುಂದೆ ಬೇರೆ ತಂಡಗಳೂ ಪ್ಲಗಿನ್ ಬರೆಯಲಿವೆ. ಅದಕ್ಕೆ ಮೊದಲು ಬುಡದಿಂದಲೇ ಸರಿ ಮಾಡಬೇಕಿದೆ. ರಚನೆ ಹೇಗಿರಬೇಕು?

ಮೂರನೇಪದರ

ಮೂರಕ್ಕೂ ಬೇರು ಒಂದೇ: ನೋಂದಣಿ ಮತ್ತು ಕೆಲಸದ ಆರಂಭ ಒಂದೇ ಕ್ಷಣದಲ್ಲಿ ಆಗುತ್ತಿವೆ. ಮಾಡ್ಯೂಲ್ "ನಾನು ಇಂಥವನು, ನನಗೆ ಇವು ಬೇಕು" ಎಂದು ಹೇಳಿ ಸುಮ್ಮನಿರಬೇಕು. ಯಾವಾಗ ಏಳಬೇಕು, ಯಾವಾಗ ಮಲಗಬೇಕು ಎಂಬುದು ಸರ್ವರ್‌ನ ತೀರ್ಮಾನ.

ಮೊದಲನೆಯದು: ಸ್ಟ್ಯಾಟಿಕ್ ಲೈಬ್ರರಿಯಿಂದ ಲಿಂಕರ್ ಎಲ್ಲ ಆಬ್ಜೆಕ್ಟ್ ಫೈಲ್‌ಗಳನ್ನೂ ಎಳೆದುಕೊಳ್ಳುವುದಿಲ್ಲ. ಬಾಕಿ ಉಳಿದ ಸಿಂಬಲ್ (ಫಂಕ್ಷನ್ ಅಥವಾ ವೇರಿಯಬಲ್ ಹೆಸರು) ಯಾವುದಾದರೂ ಅದರಲ್ಲಿ ಸಿಕ್ಕರೆ ಮಾತ್ರ ಆ ಫೈಲ್ ಒಳಗೆ ಬರುತ್ತದೆ. ನಿಮ್ಮ ಗ್ಲೋಬಲ್ ಆಬ್ಜೆಕ್ಟನ್ನು ಯಾರೂ ಹೆಸರಿಟ್ಟು ಕರೆಯುವುದಿಲ್ಲ, ಹಾಗಾಗಿ ಬಿಟ್ಟುಹೋಗುತ್ತದೆ. ಹೋಲ್-ಆರ್ಕೈವ್ ಆಯ್ಕೆ ಕೊಟ್ಟರೆ ಬರುತ್ತದೆ ನಿಜ, ಆದರೆ ಅದು ತೇಪೆ. ಬಿಲ್ಡ್ ಸಮಯದಲ್ಲೇ ಮಾಡ್ಯೂಲ್‌ಗಳ ಪಟ್ಟಿಯಿರುವ ಒಂದು ಸಿ ಫೈಲನ್ನು ಹುಟ್ಟಿಸಿ. ಎನ್‌ಜಿನ್‌ಎಕ್ಸ್ ವೆಬ್ ಸರ್ವರ್‌ನ ಕಾನ್ಫಿಗರ್ ಸ್ಕ್ರಿಪ್ಟ್ ಮಾಡುವುದು ಇದನ್ನೇ: ಮಾಡ್ಯೂಲ್ ಪಾಯಿಂಟರ್‌ಗಳ ಅರೇ ಇರುವ ಫೈಲನ್ನು ತಾನೇ ಬರೆದುಕೊಳ್ಳುತ್ತದೆ. ಏನೇನು ಸೇರಿದೆ ಎಂದು ತೆರೆದು ನೋಡಬಹುದು.

ಎರಡನೆಯದು: ಬೇರೆ ಬೇರೆ ಸೋರ್ಸ್ ಫೈಲ್‌ಗಳ ಗ್ಲೋಬಲ್‌ಗಳಲ್ಲಿ ಯಾವುದು ಮೊದಲು ಹುಟ್ಟಬೇಕೆಂದು ಭಾಷೆಯ ಸ್ಟ್ಯಾಂಡರ್ಡ್ ಹೇಳುವುದೇ ಇಲ್ಲ. ಆ ಕ್ರಮವನ್ನು ನಂಬಲೇಬೇಡಿ. ಕನ್‌ಸ್ಟ್ರಕ್ಟರ್ ಬದಲು ಪ್ರತಿ ಮಾಡ್ಯೂಲ್ ಒಂದೇ ಒಂದು ಕಾನ್‌ಸ್ಟ್ ಸ್ಟ್ರಕ್ಟ್ ಹೊರಗೆ ತೋರಿಸಲಿ: ಮ್ಯಾಜಿಕ್ ನಂಬರ್ (ಇದು ನಮ್ಮದೇ ಮಾಡ್ಯೂಲ್ ಎಂದು ಗುರುತಿಸುವ ನಿಗದಿತ ಸಂಖ್ಯೆ), ಎಬಿಐನ (ಕಂಪೈಲ್ ಆದ ಕೋಡ್‌ಗಳ ನಡುವಿನ ಒಪ್ಪಂದದ) ಮೇಜರ್ ಮತ್ತು ಮೈನರ್, ಸ್ಟ್ರಕ್ಟಿನ ಗಾತ್ರ, ಹೆಸರು, ಆವೃತ್ತಿ, ಏನು ಬೇಕು, ಏನು ಕೊಡುತ್ತದೆ, ಕೊನೆಗೆ ನಾಲ್ಕು ಫಂಕ್ಷನ್ ಪಾಯಿಂಟರ್: ಕಾನ್ಫಿಗರ್, ಇನಿಟ್, ಸ್ಟಾರ್ಟ್, ಸ್ಟಾಪ್. ಉಳಿದ ಸಿಂಬಲ್‌ಗಳೆಲ್ಲ ವಿಸಿಬಿಲಿಟಿ-ಹಿಡನ್ (ಹೊರಗೆ ಕಾಣದಂತೆ) ಆಗಿರಲಿ.

ಸರ್ವರ್ ಹಂತ ಹಂತವಾಗಿ ಹೋಗಲಿ: ಎಲ್ಲರ ಸ್ಟ್ರಕ್ಟ್ ಓದು, ಎಲ್ಲರದನ್ನೂ ಪರೀಕ್ಷಿಸು, ಕ್ರಮ ಕಟ್ಟು, ಆಮೇಲೆ ಎಲ್ಲರ ಇನಿಟ್, ಅದಾದ ಮೇಲೆ ಎಲ್ಲರ ಸ್ಟಾರ್ಟ್. ಒಂದು ಹಂತ ಎಲ್ಲರಿಗೂ ಮುಗಿಯದೆ ಮುಂದಿನದಕ್ಕೆ ಕಾಲಿಡಬಾರದು. ಕ್ರಮ ಕಟ್ಟಲು, ಅವಲಂಬನೆ ನೋಡಿ ಸಾಲು ಹಚ್ಚುವ ಕಾನ್ ಅಲ್ಗಾರಿದಮ್ ಸಾಕು, 1962ರದ್ದು, ಐವತ್ತು ಸಾಲು ಕೋಡ್. ಇದರಲ್ಲಿ ಎರಡು ಕಡೆ ಎಚ್ಚರ ಬೇಕು.

ಒಂದು, ಒಂದಕ್ಕೊಂದು ಸಂಬಂಧವಿಲ್ಲದ ಮಾಡ್ಯೂಲ್‌ಗಳು ಸಿಕ್ಕಾಗ ಹೆಸರಿನ ಅಕಾರಾದಿಯಲ್ಲೇ ಆರಿಸಿ. ಡೈರೆಕ್ಟರಿ ಓದುವ ರೀಡ್‌ಡಿರ್ ಫೈಲ್‌ಗಳನ್ನು ವಿಂಗಡಿಸಿ ಕೊಡುವುದಿಲ್ಲ. ಅದು ಕೊಟ್ಟ ಹಾಗೇ ತೆಗೆದುಕೊಂಡರೆ ಎರಡು ಯಂತ್ರಗಳಲ್ಲಿ ಎರಡು ಕ್ರಮ ಬರುತ್ತದೆ, ಬಗ್ ಒಂದರಲ್ಲಿ ಮಾತ್ರ ಕಾಣುತ್ತದೆ.

ಎರಡು, ಸುತ್ತು ಸಿಕ್ಕರೆ "ಅವಲಂಬನೆಯಲ್ಲಿ ದೋಷ" ಎಂದಷ್ಟೇ ಬರೆದು ನಿಲ್ಲಬೇಡಿ. ಲಾಗ್ ಹೀಗಿರಲಿ:

ಸುತ್ತು: ಲಾಗಿನ್ → ಕ್ಯಾಶ್ → ಸೆಷನ್ → ಲಾಗಿನ್
(ಕ್ಯಾಶ್ 2.1, /ಆಪ್ಟ್/ಮಾಡ್ಯೂಲ್/ಕ್ಯಾಶ್.ಎಸ್‌ಒ, "ಸೆಷನ್" ಕೇಳುತ್ತಿದೆ)

ರಾತ್ರಿ ಎರಡು ಗಂಟೆಗೆ ಇದನ್ನು ಓದುವವರಿಗೆ ಆ ಎರಡನೇ ಸಾಲು ಬಹಳ ಮುಖ್ಯ.

ಐದನೇ ಮಾಡ್ಯೂಲಿನ ಇನಿಟ್ ಸೋತರೆ ನಾಲ್ಕು, ಮೂರು, ಎರಡು, ಒಂದು ಎಂದು ಹಿಮ್ಮುಖವಾಗಿ ಸ್ಟಾಪ್ ಕರೆಯಿರಿ. ಸೋತ ಐದನೆಯದರ ಸ್ಟಾಪ್ ಕರೆಯಬೇಡಿ, ಅರ್ಧ ಆದದ್ದನ್ನು ಅದೇ ತೊಳೆದುಕೊಳ್ಳಬೇಕು. ಈ ನಿಯಮವನ್ನು ಡಾಕ್ಯುಮೆಂಟಿನಲ್ಲಿ ಬರೆಯದಿದ್ದರೆ ಒಬ್ಬರು ಎರಡು ಸಲ ಫ್ರೀ ಮಾಡುತ್ತಾರೆ, ಇನ್ನೊಬ್ಬರು ಮಾಡುವುದೇ ಇಲ್ಲ.

ಲಿಂಕರ್‌ಗಂಟು

ಮೇಲಿನದಕ್ಕೆ ಎಬಿಐ ವಿಷಯ ಸೇರಿಸುತ್ತೇನೆ. ಹೊರಗಿನವರು ಬರೆಯುತ್ತಾರೆ ಎಂದರೆ ಹೆಚ್ಚು ಪೆಟ್ಟು ಬೀಳುವುದು ಇಲ್ಲೇ.

ಮಾಡ್ಯೂಲಿನ ಯಾವುದೇ ಫಂಕ್ಷನ್ ಕರೆಯುವ ಮೊದಲು ಹೊಂದಾಣಿಕೆ ನೋಡಬೇಕು. ಅನುಭವಿ ಸರ್ವರ್‌ಗಳೆಲ್ಲ ಹಾಗೆಯೇ ಮಾಡುತ್ತವೆ. ಅಪಾಚೆ ಮಾಡ್ಯೂಲ್ ಸ್ಟ್ರಕ್ಟಿನಲ್ಲಿ ಮ್ಯಾಜಿಕ್ ನಂಬರಿನ ಮೇಜರ್, ಮೈನರ್ ಇರುತ್ತವೆ. ಪೋಸ್ಟ್‌ಗ್ರೆಸ್ ಡೇಟಾಬೇಸ್, ಲೈಬ್ರರಿಯಲ್ಲಿ ಮ್ಯಾಜಿಕ್ ಬ್ಲಾಕ್ ಇಲ್ಲದಿದ್ದರೆ ಲೋಡ್ ಮಾಡಲು ಒಪ್ಪುವುದೇ ಇಲ್ಲ. ಎನ್‌ಜಿನ್‌ಎಕ್ಸ್ 1.9.11ರಲ್ಲಿ ಡೈನಾಮಿಕ್ ಮಾಡ್ಯೂಲ್ ತಂದಾಗ ಬಿಲ್ಡ್ ಆಯ್ಕೆಗಳ ಸಿಗ್ನೇಚರ್ ಹೊಂದಬೇಕಿತ್ತು, ಅದರ ಕಿರಿಕಿರಿ ತಗ್ಗಿಸಲು 1.11.5ರಲ್ಲಿ ವಿತ್-ಕಾಂಪ್ಯಾಟ್ ಆಯ್ಕೆ ಬಂತು.

ನಿಮಗೆ ಇಷ್ಟು ಸಾಕು: ಮೇಜರ್ ಸಮ ಇರಬೇಕು, ಮಾಡ್ಯೂಲಿನ ಮೈನರ್ ಸರ್ವರ್‌ನದಕ್ಕಿಂತ ದೊಡ್ಡದಿರಬಾರದು. ಹೊಸ ಫೀಲ್ಡ್ ಯಾವಾಗಲೂ ಸ್ಟ್ರಕ್ಟಿನ ಕೊನೆಗೆ. ಹಳೇ ಮಾಡ್ಯೂಲ್ 72 ಬೈಟ್‌ನ ಸ್ಟ್ರಕ್ಟ್ ತಂದಿದ್ದರೆ ಸರ್ವರ್ 80ನೇ ಬೈಟಿನ ಪಾಯಿಂಟರ್ ಮುಟ್ಟಬಾರದು. ಗಾತ್ರದ ಫೀಲ್ಡ್ ಇರುವುದು ಅದಕ್ಕೇ.

ಗಡಿ ಶುದ್ಧ ಸಿ ಆಗಿರಲಿ. ಸಿ ಪ್ಲಸ್‌ಪ್ಲಸ್‌ನ ಸ್ಟ್ರಿಂಗ್, ವೆಕ್ಟರ್ ದಾಟಿಸಿದರೆ ಎರಡೂ ಕಡೆ ಒಂದೇ ಲೈಬ್ರರಿ, ಹೊಂದುವ ಕಂಪೈಲರ್ ಆಯ್ಕೆ ಬೇಕು. ಎಕ್ಸೆಪ್ಶನ್ ಗಡಿ ದಾಟದಂತೆ ಪ್ಲಗಿನ್ ಕಡೆಯೇ ಹಿಡಿದು ಎರರ್ ಕೋಡ್ ಮಾಡಿ ಕೊಡಲಿ. ಮೆಮೊರಿಯನ್ನು ಯಾರು ಪಡೆದರೋ ಅವರೇ ಬಿಡಬೇಕು.

ಲೈಬ್ರರಿ ಲೋಡ್ ಮಾಡುವ ಡಿಎಲ್‌ಓಪನ್‌ಗೆ ಆರ್‌ಟಿಎಲ್‌ಡಿ_ನೌ (ಎಲ್ಲ ಸಿಂಬಲ್ ಈಗಲೇ ಹುಡುಕು) ಮತ್ತು ಆರ್‌ಟಿಎಲ್‌ಡಿ_ಲೋಕಲ್ (ಇದರ ಸಿಂಬಲ್ ಬೇರೆ ಲೈಬ್ರರಿಗಳಿಗೆ ಕಾಣದಿರಲಿ) ಕೊಡಿ. ಲೇಜಿ ಕೊಟ್ಟರೆ ಸಿಗದ ಫಂಕ್ಷನ್ ಲೋಡ್ ಆಗುವಾಗ ತಿಳಿಯುವುದಿಲ್ಲ. ಯಾವುದೋ ಗ್ರಾಹಕರ ರಿಕ್ವೆಸ್ಟ್ ಮಧ್ಯೆ ಪ್ರೊಸೆಸ್ ಸಾಯುತ್ತದೆ. ಡಿಎಲ್‌ಎರರ್ ಸಂದೇಶವನ್ನು ಕೂಡಲೇ ನಕಲು ಮಾಡಿಕೊಳ್ಳಿ, ಒಮ್ಮೆ ಓದಿದ ಮೇಲೆ ಅದು ಅಳಿಯುತ್ತದೆ.

ಡೈರೆಕ್ಟರಿಯಲ್ಲಿ ಇದ್ದದ್ದನ್ನೆಲ್ಲ ಲೋಡ್ ಮಾಡಬೇಡಿ. ಕಾನ್ಫಿಗರೇಷನ್‌ನಲ್ಲಿ ಹೆಸರಿರುವುದನ್ನು ಮಾತ್ರ, ಅದೂ ಆ ಡೈರೆಕ್ಟರಿಗೆ ಬೇರೆ ಬಳಕೆದಾರರು ಬರೆಯಲು ಬರುವುದಿಲ್ಲ ಎಂದು ಖಚಿತ ಮಾಡಿಕೊಂಡು. ಡಿಎಲ್‌ಓಪನ್ ಮಾಡಿದ ಕ್ಷಣವೇ ಆ ಫೈಲಿನ ಕನ್‌ಸ್ಟ್ರಕ್ಟರ್‌ಗಳು ಓಡುತ್ತವೆ. ಮ್ಯಾಜಿಕ್ ನಂಬರ್ ನೋಡುವಷ್ಟರಲ್ಲಿ ತಡವಾಗಿರುತ್ತದೆ.

ಬೇರುಬಳ್ಳಿ

ಇಬ್ಬರಿಗೂ ಧನ್ಯವಾದ. ಕೊನೆಯ ಮಾತು ಹೊಳೆದೇ ಇರಲಿಲ್ಲ. ಎರಡು ಉಳಿದಿವೆ: ಸೆಗ್‌ಫಾಲ್ಟ್, ಮತ್ತು ರಿಕ್ವೆಸ್ಟ್ ದಾರಿಯಲ್ಲಿ ಹುಕ್‌ಗಳ (ನಡುವೆ ಕರೆಯಲೆಂದು ಮಾಡ್ಯೂಲ್‌ಗಳು ಕೊಟ್ಟ ಫಂಕ್ಷನ್‌ಗಳ) ಕ್ರಮ. ಈಗ ಪ್ರತಿ ಹುಕ್‌ಗೂ ಒಂದು ಆದ್ಯತೆ ಸಂಖ್ಯೆ ಇದೆ.

ಮೂರನೇಪದರ

ಸೆಗ್‌ಫಾಲ್ಟ್‌ಗೆ ನನ್ನ ಸಲಹೆ: ಡಿಎಲ್‌ಕ್ಲೋಸ್ ಕರೆಯುವುದನ್ನೇ ನಿಲ್ಲಿಸಿ. ಹುಕ್‌ಗಳನ್ನೆಲ್ಲ ತೆಗೆದಿದ್ದೀರಿ ಎಂದುಕೊಂಡರೂ ಕೋಡ್‌ನತ್ತ ಕೈ ತೋರಿಸುವವು ಇನ್ನೂ ಉಳಿದಿರುತ್ತವೆ: ಓಡುತ್ತಿರುವ ಥ್ರೆಡ್, ಬಾಕಿ ಇರುವ ಟೈಮರ್, ಥ್ರೆಡ್-ಲೋಕಲ್ ಡಿಸ್ಟ್ರಕ್ಟರ್, ಯಾವುದೋ ಆಬ್ಜೆಕ್ಟಿನ ವಿಟೇಬಲ್ (ಫಂಕ್ಷನ್ ವಿಳಾಸಗಳ ಪಟ್ಟಿ). ಲಾಗ್ ಸಾಲಿನಲ್ಲಿ ನಕಲು ಮಾಡದೆ ಇಟ್ಟುಕೊಂಡ ಮಾಡ್ಯೂಲಿನ ಹೆಸರು ಕೂಡ ಆ ಫೈಲಿನ ಪುಟದಲ್ಲೇ ಇರುವ ಸ್ಟ್ರಿಂಗ್. ಆ ಪುಟಗಳು ಹೋದ ಮೇಲೆ ಅಲ್ಲಿಗೆ ನೆಗೆದರೆ ಡೀಬಗರ್‌ಗೆ ಹೆಸರೂ ಸಿಗುವುದಿಲ್ಲ, ನೀವು ಕಂಡ ಪ್ರಶ್ನಾರ್ಥಕ ಚಿಹ್ನೆ ಅದೇ. ಮಸ್ಲ್ ಎಂಬ ಸಿ ಲೈಬ್ರರಿಯಲ್ಲಿ ಡಿಎಲ್‌ಕ್ಲೋಸ್ ಏನನ್ನೂ ಇಳಿಸುವುದಿಲ್ಲ, ಗೋ ಭಾಷೆಯ ಪ್ಲಗಿನ್ ಪ್ಯಾಕೇಜ್‌ನಲ್ಲಿ ಇಳಿಸುವ ದಾರಿಯೇ ಇಲ್ಲ. ಪೋಸ್ಟ್‌ಗ್ರೆಸ್ ಕೂಡ ಎಂದೂ ಬಳಕೆಗೆ ಬಾರದ ಇಳಿಸುವ ಕೋಡನ್ನು 15ನೇ ಆವೃತ್ತಿಯಲ್ಲಿ ತೆಗೆದುಹಾಕಿತು.

ಕಾನ್ಫಿಗರೇಷನ್ ಬದಲಿಸುವುದು ಬೇರೆ, ಕೋಡ್ ಬದಲಿಸುವುದು ಬೇರೆ. ಕೋಡ್ ಬದಲಿಸಲು ಹೊಸ ಪ್ರೊಸೆಸ್ ಎಬ್ಬಿಸಿ, ಕೇಳುತ್ತಿರುವ ಸಾಕೆಟನ್ನು ಅದಕ್ಕೆ ದಾಟಿಸಿ, ಹಳೆಯದು ಕೈಲಿರುವ ರಿಕ್ವೆಸ್ಟ್ ಮುಗಿಸಿ ಹೋಗಲಿ.

ಹಾಗೆಯೇ ಓಡುತ್ತಿರುವ ಎಸ್‌ಒ ಫೈಲಿನ ಮೇಲೆ ಸಿಪಿ ಮಾಡುವ ಡಿಪ್ಲಾಯ್ ಸ್ಕ್ರಿಪ್ಟ್ ಇದ್ದರೆ ಇಂದೇ ತಿದ್ದಿ. ಸಿಪಿ ಅದೇ ಐನೋಡ್‌ನ (ಹೆಸರಿನ ಹಿಂದಿರುವ ನಿಜವಾದ ಫೈಲಿನ) ಮೇಲೆ ಬರೆಯುತ್ತದೆ, ಮ್ಯಾಪ್ ಆಗಿರುವ ಕೋಡ್ ಕಾಲಡಿಯಲ್ಲೇ ಬದಲಾಗುತ್ತದೆ. ಪಕ್ಕದಲ್ಲಿ ತಾತ್ಕಾಲಿಕ ಹೆಸರಿಗೆ ಬರೆದು ಎಂವಿ ಮಾಡಿದರೆ ಹಳೇ ಐನೋಡ್ ಹಾಗೇ ಉಳಿಯುತ್ತದೆ.

ಲಿಂಕರ್‌ಗಂಟು

ಹುಕ್‌ಗಳ ಬಗ್ಗೆ: ಬರೀ ಸಂಖ್ಯೆ ಕೊಟ್ಟರೆ ಎಲ್ಲರಿಗೂ ತಾವೇ ಮೊದಲಾಗಬೇಕು ಅನ್ನಿಸುತ್ತದೆ. ಒಬ್ಬರು -100 ಹಾಕಿದರೆ ಇನ್ನೊಬ್ಬರು -1000. ಅಪಾಚೆಯಲ್ಲಿ ಫಸ್ಟ್ 0, ಮಿಡಲ್ 10, ಲಾಸ್ಟ್ 20 ಎಂಬ ಸ್ಥೂಲ ಮೆಟ್ಟಿಲುಗಳಿವೆ. ಜೊತೆಗೆ "ಇವರಿಗಿಂತ ಮೊದಲು", "ಇವರ ನಂತರ" ಎಂದು ಮಾಡ್ಯೂಲ್ ಹೆಸರಿನ ಪಟ್ಟಿ ಕೊಡಬಹುದು. ನಿಮ್ಮಲ್ಲಿ ಹಂತಗಳಿಗೆ ಹೆಸರಿಡಿ: ಓದು, ಗುರುತು, ಅನುಮತಿ, ಉತ್ತರ, ಲಾಗ್. ಒಂದು ಹಂತದೊಳಗೆ ಮೊದಲು-ನಂತರ ಸಂಬಂಧ ಮಾತ್ರ ಇರಲಿ. ಅದನ್ನೂ ಅದೇ ಕಾನ್ ಅಲ್ಗಾರಿದಮ್ ಬಿಡಿಸುತ್ತದೆ.

ಸ್ಟಾರ್ಟ್ ಮುಗಿದೊಡನೆ ರಿಜಿಸ್ಟ್ರಿಗೆ ಬೀಗ ಹಾಕಿ. ಆಮೇಲೆ ಯಾರಾದರೂ ನೋಂದಾಯಿಸಲು ಬಂದರೆ ಎರರ್. ಬದಲಾಗದ ಅರೇ ಆದ್ದರಿಂದ ರಿಕ್ವೆಸ್ಟ್ ದಾರಿಯಲ್ಲಿ ಮ್ಯೂಟೆಕ್ಸ್ ಬೇಡವೇ ಬೇಡ. ಚಾಲೂ ಇರುವಾಗ ಹುಕ್ ಆಫ್ ಮಾಡುವ ಅಗತ್ಯ ಬಂದರೆ ಹೊಸ ಅರೇ ಕಟ್ಟಿ ಅಟಾಮಿಕ್ ಪಾಯಿಂಟರ್ ಬದಲಿಸಿ. ಹಳೇ ಅರೇ ಓದುತ್ತಿರುವ ಕೊನೆಯ ಥ್ರೆಡ್ ಹೊರಬಂದ ಮೇಲೆಯೇ ಅದನ್ನು ಫ್ರೀ ಮಾಡಿ.

ಮತ್ತೆ, ನಂಬಿಕೆ ಸಾಲದ ತಂಡದ ಪ್ಲಗಿನನ್ನು ಈ ಪ್ರೊಸೆಸ್ ಒಳಗೆ ಬಿಟ್ಟುಕೊಳ್ಳಬೇಡಿ. ಒಂದು ತಪ್ಪು ಪಾಯಿಂಟರ್ ಸಾಕು, 14 ಮಾಡ್ಯೂಲೂ ಒಟ್ಟಿಗೆ ಬೀಳುತ್ತವೆ. ಅಂಥವಕ್ಕೆ ಬೇರೆ ಪ್ರೊಸೆಸ್, ನಡುವೆ ಯುನಿಕ್ಸ್ ಸಾಕೆಟ್, ಪ್ರತಿ ಕರೆಗೂ ಟೈಮ್‌ಔಟ್. ಸ್ವಲ್ಪ ನಿಧಾನವಾಗುತ್ತದೆ, ಆದರೆ ಅದು ಸತ್ತರೂ ಸರ್ವರ್ 503 (ಸೇವೆ ಸದ್ಯ ಲಭ್ಯವಿಲ್ಲ) ಕೊಟ್ಟು ನಿಂತಿರುತ್ತದೆ.