ಕೈ ಉದ್ದ ಮಾಡಿಸುವ ಆಪರೇಷನ್: ಮಾಡಿಸಿಕೊಂಡವರು, ಹತ್ತಿರದಿಂದ ನೋಡಿದವರು ಹೇಳಿ

ನನಗೆ 27 ವರ್ಷ. ಎರಡು ವರ್ಷದ ಹಿಂದೆ ಎರಡೂ ಕಾಲಿಗೆ ಆಪರೇಷನ್ ಮಾಡಿಸಿ, ಮೊಣಕಾಲಿನ ಕೆಳಗಿನ ಮೂಳೆಯಲ್ಲಿ 6 ಸೆಂ.ಮೀ. ಉದ್ದ ಮಾಡಿಸಿಕೊಂಡೆ. 165 ಇದ್ದವನು ಈಗ 171. ಕಾಲಿಗೆ ಏನೂ ತೊಂದರೆ ಇಲ್ಲ, ಆರಾಮಾಗಿ ಓಡಾಡುತ್ತೇನೆ. ಆದರೆ ಫೋಟೋದಲ್ಲಿ ಕೈ ಗಿಡ್ಡ ಅನಿಸುತ್ತದೆ. ರಟ್ಟೆಯ ಮೂಳೆಯನ್ನು ಒಂದೊಂದು ಕೈಗೆ 5 ಸೆಂ.ಮೀ. ಉದ್ದ ಮಾಡಿಸೋಣ ಅಂತಿದ್ದೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ರಿಸ್ಕ್ ಎಷ್ಟು? ಅನುಭವ ಇದ್ದವರು ದಯವಿಟ್ಟು ಹೇಳಿ.

ಹುಬ್ಬಳ್ಳಿಯಿಂದ, ಬ್ಯಾಂಕ್ ಕೆಲಸದಲ್ಲಿರುವವಳು

ನನ್ನ ಎರಡೂ ರಟ್ಟೆಗೆ ಇದೇ ಆಪರೇಷನ್ ಆಗಿದೆ, 17ನೇ ವಯಸ್ಸಿನಲ್ಲಿ, 8 ಸೆಂ.ಮೀ. ಚಂದಕ್ಕಲ್ಲ. ನನಗೆ ಹುಟ್ಟಿನಿಂದ ಅಕಾಂಡ್ರೋಪ್ಲೇಸಿಯಾ, ಕೈಕಾಲಿನ ಮೂಳೆ ಉದ್ದ ಬೆಳೆಯುವುದಿಲ್ಲ. ಸಂಡಾಸಿಗೆ ಹೋದರೆ ತೊಳೆದುಕೊಳ್ಳಲು ಕೈ ಎಟುಕುತ್ತಿರಲಿಲ್ಲ. ಪಿಯುಸಿ ಓದುವ ಹುಡುಗಿ ಅದಕ್ಕೂ ಅವ್ವನನ್ನು ಕೂಗಬೇಕಿತ್ತು. ಈಗ ಕೂಗಬೇಕಿಲ್ಲ. ಹಾಗಾಗಿ ನನಗೆ ಪಶ್ಚಾತ್ತಾಪ ಇಲ್ಲ, ಮೊದಲೇ ಹೇಳಿಬಿಡುತ್ತೇನೆ.

ಇನ್ನು ಪಟ್ಟ ಪಾಡು. ಮೂಳೆ ಕತ್ತರಿಸಿ, ಮೇಲೆ ಮೂರು ಕೆಳಗೆ ಮೂರು ಪಿನ್ ಹಾಕಿ, ಹೊರಗಡೆ ಒಂದು ಕಂಬಿ ಕೂರಿಸುತ್ತಾರೆ. ಒಂದು ವಾರ ಬಿಟ್ಟು ಆ ಕಂಬಿಯ ಸ್ಕ್ರೂ ತಿರುಗಿಸಲು ಶುರು, ತಿರುಗಿಸಿದಷ್ಟೂ ಮೂಳೆಯ ಎರಡು ತುಂಡು ದೂರ ಸರಿಯುತ್ತವೆ. ಒಂದು ಸಲಕ್ಕೆ ಕಾಲು ಮಿಲಿಮೀಟರ್, ದಿನಕ್ಕೆ ನಾಲ್ಕು ಸಲ. ಎಲ್ಲ ಸರಿಯಾಗಿ ಹೋದರೂ 8 ಸೆಂ.ಮೀ.ಗೆ ಒಂದೊಂದು ಕೈಗೆ 320 ಸಲ. ತಿರುಗಿಸುತ್ತಿದ್ದದ್ದು ಅವ್ವ. ಸೈಕಲ್ ಅಂಗಡಿಯವರ ಹತ್ತಿರ ಇರುತ್ತದಲ್ಲ, ಆ ತರಹದ್ದೇ ಎಲ್ ಆಕಾರದ ಕೀಲಿ. ಅದನ್ನು ದೇವರ ಮನೆಯಲ್ಲಿ ಕುಂಕುಮದ ಬಟ್ಟಲ ಪಕ್ಕ ಇಟ್ಟಿದ್ದಳು, ಕಳೆಯಬಾರದು ಅಂತ. ನನ್ನ ನೈಟಿಗಳ ತೋಳು ಬಿಚ್ಚಿ ಲಾಡಿ ಹೊಲಿದಿದ್ದಳು. ಪಿನ್ ಸುತ್ತ ಕೀವು ಮೂರು ಸಲ ಬಂತು. ಆ್ಯಂಟಿಬಯಾಟಿಕ್ಕು, ಜ್ವರ, ಮತ್ತೆ ಕೀವು.

ಸುಮಾರು 5 ಸೆಂ.ಮೀ. ಆದಾಗ ಒಂದು ಬೆಳಿಗ್ಗೆ ಚಹಾದ ಕಪ್ಪಿಗೆ ಬಲಗೈ ಚಾಚಿದೆ. ಬೆರಳು ಮಡಚುತ್ತವೆ, ಮಣಿಕಟ್ಟು ಮೇಲೇಳುತ್ತಿಲ್ಲ. ಕೈ ಬಾಡಿದ ಎಲೆ ಹಾಗೆ ಜೋತು ಬಿದ್ದಿತ್ತು. ರಟ್ಟೆಯ ಮೂಳೆಯ ಹಿಂಭಾಗದಲ್ಲಿ ರೇಡಿಯಲ್ ನರ ಸುತ್ತಿಕೊಂಡು ಬರುತ್ತದೆ, ಮೂಳೆ ಎಳೆದಾಗ ಅದೂ ಎಳೆಸಿಕೊಳ್ಳುತ್ತದೆ. ಡಾಕ್ಟರು ಹತ್ತು ದಿನ ತಿರುಗಿಸುವುದನ್ನೇ ನಿಲ್ಲಿಸಿದರು. ಆಮೇಲೆ ದಿನಕ್ಕೆ ಅರ್ಧ ಮಿಲಿಮೀಟರ್. ಮಣಿಕಟ್ಟು ತಿರುಗಿ ಏಳಲು ಐದು ತಿಂಗಳು ಬೇಕಾಯಿತು. ಅಷ್ಟು ದಿನ ಅವ್ವನೇ ತುತ್ತು ಮಾಡಿ ಉಣ್ಣಿಸಿದಳು.

ಎಡ ಮೊಣಕೈ ಇವತ್ತಿಗೂ ಪೂರ್ತಿ ನೇರ ಆಗುವುದಿಲ್ಲ. ಪಿನ್ನಿನ ಗುರುತು ಕೈಗೆ ಆರಾರು ಇವೆ, ಅರ್ಧ ತೋಳಿನ ಬಟ್ಟೆ ಹಾಕಿದರೆ ಕಾಣುತ್ತವೆ. ನಿಮಗೆ ಬೇಕಿರುವುದು ಫೋಟೋದಲ್ಲಿ ಚೆನ್ನಾಗಿ ಕಾಣುವುದು ಅಲ್ವಾ, ಅದಕ್ಕೇ ಹೇಳಿದೆ.

ಮೈಸೂರಿನಿಂದ, ಫಿಸಿಯೋಥೆರಪಿಸ್ಟ್

ಮೇಲೆ ಹೇಳಿದ್ದೆಲ್ಲ ನಿಜ, ನಾನು ಇಂಥ ಕೈಗಳನ್ನು ಹಿಡಿದು ಮಡಚಿಸಿದವಳು. ಆ ಸಂದಿಯಲ್ಲಿ ಮೂಳೆ ಹೊಸದಾಗಿ ಬೆಳೆಯುತ್ತದೆ, ಅದರಲ್ಲಿ ಮೋಸವಿಲ್ಲ. ಸೈಬೀರಿಯಾದ ಕುರ್ಗಾನ್‌ನಲ್ಲಿ ಇಲಿಜಾರೋವ್ ಅನ್ನುವ ಡಾಕ್ಟರು 1950ರ ದಶಕದಲ್ಲಿ ತೋರಿಸಿಕೊಟ್ಟದ್ದೇ ಇದನ್ನು. ಕಷ್ಟ ಇರುವುದು ಮೂಳೆಯ ಸುತ್ತಲಿನ ಸ್ನಾಯು, ನರ, ಕೀಲಿನದು. ದಿನಾ ವ್ಯಾಯಾಮ ತಪ್ಪಿಸಿದರೆ ಮೊಣಕೈ ಬಿಗಿದು ಕೂರುತ್ತದೆ.

ಸಮಯದ ಲೆಕ್ಕ ಹಾಕಿ. 5 ಸೆಂ.ಮೀ. ಎಳೆಯಲು 50 ದಿನ. ಆದರೆ ಹೊಸ ಮೂಳೆ ಗಟ್ಟಿಯಾಗಬೇಕಲ್ಲ. ಒಟ್ಟು ಸೆಂಟಿಮೀಟರಿಗೆ ಒಂದು ತಿಂಗಳು ಅಂತ ಇಟ್ಟುಕೊಂಡರೂ ಐದು ತಿಂಗಳು ಕಂಬಿ. ಬೇಗ ತೆಗೆದರೆ ಅದೇ ಜಾಗದಲ್ಲಿ ಮತ್ತೆ ಮುರಿಯಬಹುದು. ಸಿಗರೇಟು ಸೇದುತ್ತೀರಾ? ಹಾಗಿದ್ದರೆ ಇನ್ನೂ ನಿಧಾನ. ಎರಡೂ ಕೈಗೆ ಒಟ್ಟಿಗೆ ಮಾಡಿಸಿದರೆ ತಲೆಗೆ ನೀರು ಹಾಕುವವರು ಯಾರು? ಅಮ್ಮನಿಗೆ ಹೇಳಿಲ್ಲ ಅಂದಿರಿ. ಕಾಲಿನ ಆಪರೇಷನ್ನಿಗೆ ವಾಕರ್ ಹಿಡಿದುಕೊಳ್ಳಲು ಕೈಗಳಿದ್ದವು.

ಮಂಗಳೂರಿನಿಂದ, ನಿಮ್ಮ ಹಾಗೆಯೇ ಕಾಲು ಮಾಡಿಸಿಕೊಂಡವನು

ನನ್ನದೂ ಮೊಣಕಾಲಿನ ಕೆಳಗೇ. ಆಮೇಲೆ ನನಗೂ ಕೈ ಗಿಡ್ಡ ಅನಿಸಿತ್ತು. ಒಂದು ವಿಷಯ ನನಗೆ ತಡವಾಗಿ ಹೊಳೆಯಿತು. ಸುಮ್ನೆ ನೇರ ನಿಂತು ಕೈ ಇಳಿಬಿಡಿ. ಬೆರಳ ತುದಿ ತೊಡೆಯ ಮೇಲೆ ಎಲ್ಲಿಗೆ ಬರುತ್ತದೆ? ಆಪರೇಷನ್ನಿಗೆ ಮುಂಚೆ ಎಲ್ಲಿಗೆ ಬರುತ್ತಿತ್ತೋ ಈಗಲೂ ಅಲ್ಲಿಗೇ! ಉದ್ದವಾದದ್ದು ಮೊಣಕಾಲಿನ ಕೆಳಗೆ. ಭುಜ, ಸೊಂಟ, ತೊಡೆ ಯಾವುದೂ ಬದಲಾಗಿಲ್ಲ. ತೊಡೆಯ ಮೂಳೆ ಮಾಡಿಸಿದವರದು ಬೇರೆ ಕಥೆ.

ಇನ್ನೊಂದು ಲೆಕ್ಕ. ಎರಡೂ ಕೈ ಪಕ್ಕಕ್ಕೆ ಚಾಚಿ ಅಳೆದರೆ ಮಾಮೂಲಾಗಿ ಎತ್ತರದ ಆಸುಪಾಸಿನಲ್ಲಿರುತ್ತದೆ. ಒಂದೊಂದು ಕೈಗೆ 5 ಸೇರಿಸಿದರೆ ಈ ಅಳತೆ 10 ಹೆಚ್ಚುತ್ತದೆ. ನೀವು ಎತ್ತರ ಆಗಿದ್ದು 6. ಈ 5 ಯಾರು ಕೊಟ್ಟ ಲೆಕ್ಕ? ಡಾಕ್ಟರು ಹೇಳಿದ್ದಾದರೆ ಕಾರಣ ಕೇಳಿ.

ಕಂಬಿ ಬೇಡ, ಮೂಳೆಯ ಒಳಗೇ ಅಯಸ್ಕಾಂತದ ರಾಡ್ ಹಾಕಿಸುತ್ತೇನೆ ಅಂದುಕೊಂಡಿದ್ದರೆ ಅದೂ ಇದೆ. ಹೊರಗಿನಿಂದ ಮೆಷಿನ್ ಹಿಡಿದರೆ ಉದ್ದವಾಗುತ್ತದೆ. ಆದರೆ ಭುಜದ ಕಡೆಯಿಂದ ಹಾಕಿದರೆ ಅಲ್ಲಿನ ಸ್ನಾಯುವಿನ ನಡುವೆ ದಾರಿ ಮಾಡಬೇಕು, ಭುಜದ ನೋವು ಉಳಿಯಬಹುದು. ನರಕ್ಕೆ ಎಳೆತ ಹೇಗೂ ತಪ್ಪಲ್ಲ. ಸ್ಟ್ರೈಡ್ ಅನ್ನುವ ಇಂಥದೇ ಒಂದು ಕಾಲಿನ ರಾಡನ್ನು 2021ರಲ್ಲಿ ತಯಾರಕರೇ ವಾಪಸ್ ತರಿಸಿಕೊಂಡಿದ್ದರು, ತುಕ್ಕು ಮತ್ತು ಸುತ್ತಲಿನ ಮೂಳೆಯ ತೊಂದರೆಯಿಂದಾಗಿ. ಇನ್ಶೂರೆನ್ಸ್ ನಂಬಬೇಡಿ. ಚಂದಕ್ಕೆ ಅಂತ ಮಾಡಿಸುವ ಆಪರೇಷನ್ ಪಾಲಿಸಿಯಿಂದ ಹೊರಗೆ. ನರಕ್ಕೆ ಏಟಾಗಿ ಮತ್ತೆ ಅಡ್ಮಿಟ್ ಆದರೆ ಆ ಖರ್ಚಿನ ಗತಿ ಏನು ಅಂತ ಮೊದಲೇ ಬರಹದಲ್ಲಿ ಕೇಳಿ.

ಹೇಳಲು ಸ್ವಲ್ಪ ಮುಜುಗರ, ಆದರೂ ಹೇಳುತ್ತೇನೆ. ನನಗೆ ಕೈಯ ಚಿಂತೆ ಆದ ಮೇಲೆ ಮೂಗು ಸರಿಯಿಲ್ಲ ಅನಿಸತೊಡಗಿತು. ಲಿಫ್ಟಿನ ಕನ್ನಡಿಯಲ್ಲಿ ನೋಡಿಕೊಳ್ಳುತ್ತಾ ನನ್ನ ಮಹಡಿಯನ್ನೇ ದಾಟಿ ಹೋಗುತ್ತಿದ್ದೆ. ಕೊನೆಗೆ ನಿಮ್ಹಾನ್ಸ್‌ಗೆ ಹೋದೆ, ಅಲ್ಲಿ ಒಸಿಡಿ, ಅಂದರೆ ಒಂದೇ ಯೋಚನೆ ಮತ್ತೆ ಮತ್ತೆ ಕಾಡುವ ಕಾಯಿಲೆಯ ಕ್ಲಿನಿಕ್ ಇದೆ. ಬಾಡಿ ಡಿಸ್ಮಾರ್ಫಿಯಾ ಅಂದರು, ಬೇರೆಯವರಿಗೆ ಕಾಣದ ಕೊರತೆ ನಮ್ಮ ಮೈಯಲ್ಲಿ ದೊಡ್ಡದಾಗಿ ಕಾಣುತ್ತಾ ಕಾಡುವ ಮನಸ್ಸಿನ ತೊಂದರೆ. ನಿಮಗೂ ಅದೇ ಇದೆ ಅನ್ನುತ್ತಿಲ್ಲ. ದಿನಕ್ಕೆ ಎಷ್ಟು ಸಲ ಆ ಫೋಟೋ ತೆಗೆದು ನೋಡುತ್ತೀರಿ, ಎಣಿಸಿ ನೋಡಿ.

ದಾವಣಗೆರೆಯಿಂದ, ಟೈಲರ್

ಶರ್ಟು ರೆಡಿಮೇಡಾ? ನಿಮಗೆ ತೋಳು ಉದ್ದ ಇರುತ್ತದೆ, ಅಂಗೈ ಮುಚ್ಚುತ್ತದೆ, ಕೈ ಗಿಡ್ಡ ಕಾಣುತ್ತದೆ. ಮಣಿಕಟ್ಟಿಗೆ ಸರಿಯಾಗಿ ಕತ್ತರಿಸಿ ಹೊಲಿಸಿ ನೋಡಿ.

ಪ್ರಶ್ನೆ ಕೇಳಿದವನು

ಎಲ್ಲರಿಗೂ ಥ್ಯಾಂಕ್ಸ್. ತಂಗಿಯನ್ನು ಕರೆದು, ಗೋಡೆಗೆ ಬೆನ್ನು ಕೊಟ್ಟು ಎರಡೂ ಕೈ ಪಕ್ಕಕ್ಕೆ ಚಾಚಿ ಅಳೆಸಿದೆ. 166 ಬಂತು. ಅಂದರೆ ಬೇಕಾದರೂ ಕೈಗೆ ಎರಡೂವರೆ, ಐದಲ್ಲ. ಐದು ನಾನೇ ಹೇಳಿದ್ದು, ಡಾಕ್ಟರು ಹೂಂ ಅಂದಿದ್ದರು. ಅಳೆದಿರಲಿಲ್ಲ. ಅಕ್ಕ, ನಿಮ್ಮ ಮಣಿಕಟ್ಟು ಈಗ ಪೂರ್ತಿ ಸರಿ ಇದೆಯಾ? ನನ್ನದು ದಿನವಿಡೀ ಕೀಬೋರ್ಡ್ ಕೆಲಸ.

ಹುಬ್ಬಳ್ಳಿಯಿಂದ, ಬ್ಯಾಂಕ್ ಕೆಲಸದಲ್ಲಿರುವವಳು

ಸರಿ ಇದೆ, ನೋಟು ಎಣಿಸುತ್ತೇನೆ. ಚಳಿಗಾಲದಲ್ಲಿ ಹೆಬ್ಬೆರಳು ಸ್ವಲ್ಪ ಮಂಕಾಗುತ್ತದೆ. ತಂಗಿಗೆ ಹೇಳಿದಿರಲ್ಲ, ಇವತ್ತು ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೂ ಹೇಳಿ.