‘ಬೆಂಬಲವಿಲ್ಲದ’ ಮೋಡೆಮ್ಮೋ, ‘ಒಗ್ಗದ’ ಮೋಡೆಮ್ಮೋ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಅದರ ಬಾಲ ಹಿಡಿದು ಇನ್ನೂ ಮೂರ್ನಾಲ್ಕು ಬರುತ್ತವೆ.

ಲಿನಕ್ಸ್‌ನಲ್ಲಿ (ವಿಂಡೋಸ್‌ನ ಹಾಗೆ ಕಂಪ್ಯೂಟರ್ ನಡೆಸುವ ತಂತ್ರಾಂಶ) ಹಳೆಯ ಡಯಲ್-ಅಪ್ ಮೋಡೆಮ್ (ಕಂಪ್ಯೂಟರನ್ನು ಫೋನ್ ತಂತಿಗೆ ಸೇರಿಸುವ ಸಾಧನ) ಇಟ್ಟುಕೊಂಡು ಫ್ಯಾಕ್ಸ್ ಕಳಿಸುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಬರಹ ಬರೆಯುತ್ತಿದ್ದೇನೆ. ಮೊದಲ ಸಾಲಲ್ಲೇ ಸಿಕ್ಕಿಬಿದ್ದೆ. ಇಂಗ್ಲಿಷಿನಲ್ಲಿ ‘ಅನ್‌ಸಪೋರ್ಟೆಡ್ ಮೋಡೆಮ್’ ಅನ್ನುತ್ತಾರಲ್ಲ, ಅಂದರೆ ಆ ತಂತ್ರಾಂಶದ ಜೊತೆ ಕೆಲಸ ಮಾಡದ ಮೋಡೆಮ್, ಅದಕ್ಕೆ ಏನು ಬರೆಯೋಣ?

ತಂತ್ರಾಂಶಗಳ ಕನ್ನಡ ಅನುವಾದದಲ್ಲಿ ಈಗ ಇರುವುದು ‘ಬೆಂಬಲವಿಲ್ಲ’, ಇಲ್ಲವೇ ‘ಬೆಂಬಲಿತವಾಗಿಲ್ಲ’. ಎರಡನೆಯದು ನನ್ನ ಕಿವಿಗೆ ಕೂರುವುದೇ ಇಲ್ಲ. ಬೆಂಬಲ ಅಂದರೆ ಬೆನ್ನಿಗಿರುವ ಬಲ. ಅಚ್ಚಗನ್ನಡದ ಬೆನ್ನು ಮುಂದಿರುವ ಪದಕ್ಕೆ ಸಂಸ್ಕೃತದ ‘-ಇತ’ ಯಾಕೆ ಅಂಟಿಸಬೇಕು? ಅದು ಹೋಗಲಿ, ಅರ್ಥ ನೋಡಿ. ಅಡಿಕೆಗೆ ಬೆಂಬಲ ಬೆಲೆ ಕೇಳುತ್ತೇವೆ, ಶಾಸಕರು ಸರ್ಕಾರಕ್ಕೆ ಕೊಟ್ಟ ಬೆಂಬಲ ವಾಪಸ್ ತೆಗೆದುಕೊಳ್ಳುತ್ತಾರೆ. ಎಲ್ಲ ಕಡೆಯೂ ಯಾರೋ ಮನಸ್ಸು ಮಾಡಿ ಕೊಡುವಂಥದ್ದು ಬೆಂಬಲ. ‘ಲಿನಕ್ಸ್ ಈ ಮೋಡೆಮ್ಮನ್ನು ಬೆಂಬಲಿಸುವುದಿಲ್ಲ’ ಅಂತ ಬರೆದರೆ ಲಿನಕ್ಸೇ ಬೇಡ ಅಂತ ಪಟ್ಟು ಹಿಡಿದು ಕೂತ ಹಾಗೆ ಕೇಳುತ್ತದೆ, ಅಲ್ವಾ?

ನನಗೆ ಬೇರೆ ಪದ ಸಿಕ್ಕಿದ್ದು ಸಾಗರದಲ್ಲಿ, ದೊಡ್ಡಪ್ಪನ ಮನೆಯಲ್ಲಿ. ಅವರ ಕೆಲವು ದಾಖಲೆಗಳನ್ನು ಹೊರದೇಶದ ಒಂದು ಕಚೇರಿಗೆ ಕಳಿಸಬೇಕಿತ್ತು. ಆ ಕಚೇರಿಯವರು ಇ-ಮೇಲ್ ಒಪ್ಪುವುದಿಲ್ಲ, ಫ್ಯಾಕ್ಸೇ ಆಗಬೇಕು. ಪೇಟೆಯಲ್ಲಿ ಫ್ಯಾಕ್ಸ್ ಅಂಗಡಿಗಳು ಮುಚ್ಚಿ ಕಾಲವಾಗಿದೆ. ಮನೆಯಲ್ಲಿ ತಂತಿಯ ಫೋನ್ ಇನ್ನೂ ಇತ್ತು, ನನ್ನ ಪೆಟ್ಟಿಗೆಯಲ್ಲಿ ಒಂದು ಯುಎಸ್‌ಬಿ ಮೋಡೆಮ್ ಇತ್ತು. ಚುಚ್ಚಿದೆ. ಯಾವುದೋ ಯುಎಸ್‌ಬಿ ಸಾಧನ ಬಂದಿದೆ ಅಂತ ಕರ್ನೆಲ್ (ಲಿನಕ್ಸ್‌ನ ತಿರುಳು) ಗುರುತಿಸಿತು, ಅಷ್ಟೇ. ಮಾತಾಡಲು ಬೇಕಾದ ‘ಟಿಟಿವೈ ಎಸಿಎಂ0’ ಎಂಬ ಬಾಗಿಲು ತೆರೆಯಲಿಲ್ಲ.

ಕಾರಣ ಹುಡುಕುತ್ತಾ ಹೋದಾಗ ತಿಳಿದದ್ದು ಇದು. ಯುಎಸ್‌ಬಿ ಮೋಡೆಮ್ಮುಗಳಿಗೆ ಲಿನಕ್ಸ್‌ನಲ್ಲಿ ‘ಸಿಡಿಸಿ-ಎಸಿಎಂ’ ಎಂಬ ಒಂದೇ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶದ ತುಣುಕು) ಸಾಕು, ಆದರೆ ಮೋಡೆಮ್ ತನ್ನ ಪರಿಚಯವನ್ನು ನಿಯಮದ ಪ್ರಕಾರ ಹೇಳಿಕೊಳ್ಳಬೇಕು. ಕೆಲವು ಮೋಡೆಮ್ಮುಗಳು ಅದನ್ನು ಸರಿಯಾಗಿ ಹೇಳಿಕೊಳ್ಳುವುದಿಲ್ಲ. ಅಂಥವುಗಳ ಪಟ್ಟಿಯೇ ಆ ಡ್ರೈವರ್ ಒಳಗಿದೆ, ಕೊನೆಕ್ಸೆಂಟ್ ಚಿಪ್ ಇರುವ ಹಲವು ಅದರಲ್ಲಿವೆ. ನನ್ನದೂ ಅದೇ ಚಿಪ್, ಆದರೆ ಅದರ ಗುರುತಿನ ಸಂಖ್ಯೆ ಮಾತ್ರ ಪಟ್ಟಿಯಲ್ಲಿರಲಿಲ್ಲ. ಡ್ರೈವರಿನ ‘ನ್ಯೂ_ಐಡಿ’ ಎಂಬ ಕಡತಕ್ಕೆ ನನ್ನ ಮೋಡೆಮ್ಮಿನ ಸಂಖ್ಯೆ ಬರೆದು, ಪಕ್ಕದಲ್ಲೇ ಪಟ್ಟಿಯಲ್ಲಿರುವ ಇನ್ನೊಂದರ ಸಂಖ್ಯೆಯನ್ನೂ ಕೊಟ್ಟರೆ, ಇದು ಅದರ ತಮ್ಮ, ಅದಕ್ಕೆ ಮಾಡಿದ ಹಾಗೇ ಇದಕ್ಕೂ ಮಾಡು ಅಂತ ಹೇಳಿದಂತೆ. ಬಾಗಿಲು ತೆರೆಯಿತು. ‘ಎಟಿ’ ಅಂದೆ (ಮೋಡೆಮ್ಮಿಗೆ ಕೊಡುವ ಆದೇಶಗಳು ಹೀಗೇ ಶುರುವಾಗುತ್ತವೆ), ‘ಓಕೆ’ ಅಂದಿತು. (ನಿಮಗೆ ಅನುಮತಿ ಇಲ್ಲ ಅಂತ ಬಂದರೆ ಡೆಬಿಯನ್, ಉಬುಂಟು ಎಂಬ ಲಿನಕ್ಸ್ ಬಗೆಗಳಲ್ಲಿ ‘ಡಯಲ್‌ಔಟ್’ ಗುಂಪಿಗೆ ಸೇರಿಕೊಳ್ಳಿ.)

ನಂಬರ್ ಒತ್ತಿಸಿದರೆ ‘ನೋ ಡಯಲ್‌ಟೋನ್’. ಮತ್ತೆ ಒತ್ತಿಸಿದೆ, ಮತ್ತೆ ಅದೇ. ಫೋನ್ ಎತ್ತಿ ಕೇಳಿದರೆ ಟೋನ್ ಚೆನ್ನಾಗಿಯೇ ಇದೆ. ದೊಡ್ಡಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು, ಸ್ವಲ್ಪ ಹೊತ್ತು ನಿಂತು ನೋಡಿ, “ಅದಕ್ಕೆ ನಮ್ಮೂರಿನ ಲೈನು ಇನ್ನೂ ಒಗ್ಗಿಲ್ಲ ಕಣೋ” ಅಂದರು.

ಅವರು ಹೇಳಿದ್ದು ಅಕ್ಷರಶಃ ಸರಿ. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಸ್‌ನ ಎರಡು ಸ್ವರ ಸೇರಿ ಆದದ್ದು. ನಮ್ಮ ದೇಶದ್ದು 400 ಹರ್ಟ್ಸ್, ಅದೂ 25 ಹರ್ಟ್ಸ್‌ನ ಏರಿಳಿತದ ಜೊತೆ. ಅದಕ್ಕೇ ನಮ್ಮ ಫೋನಿನ ಟೋನು ಒಂದೇ ಸಮ ‘ಊಂ’ ಅನ್ನದೆ ‘ಗುರ್‌ರ್’ ಅಂತ ನಡುಗುತ್ತದೆ. ಅಲ್ಲಿಯ ಸ್ವರಕ್ಕೆ ಕಿವಿಗೊಟ್ಟು ಕೂತ ಮೋಡೆಮ್ಮಿಗೆ ಇದು ಟೋನ್ ಅಂತ ಹೊಳೆಯಲೇ ಇಲ್ಲ. ದೇಶ ಬದಲಿಸಲು ‘ಎಟಿ+ಜಿಸಿಐ=53’ ಕೊಟ್ಟೆ (53 ಅಂದರೆ ಭಾರತ), ಒಪ್ಪಲಿಲ್ಲ. ಆಮೇಲೆ ‘ಎಟಿಎಕ್ಸ್3’ ಕೊಟ್ಟೆ. ಟೋನಿಗೆ ಕಾಯದೆ ಸುಮ್ನೆ ನಂಬರ್ ಒತ್ತು ಅಂತ ಅದರ ಅರ್ಥ. ಹೊರಟಿತು ನೋಡಿ ಕರೆ!

ಆವತ್ತಿನಿಂದ ‘ಒಗ್ಗು’ ತಲೆಯಲ್ಲಿ ಕೂತುಬಿಟ್ಟಿದೆ. ಬೇರೆ ಊರಿಗೆ ಹೋದರೆ ನೀರು ಒಗ್ಗಲ್ಲ ಅನ್ನುತ್ತೇವೆ. ಅದರಲ್ಲಿ ನೀರಿನ ತಪ್ಪೂ ಇಲ್ಲ, ನಮ್ಮ ತಪ್ಪೂ ಇಲ್ಲ. ಅದಕ್ಕಿಂತ ಜಾಸ್ತಿ ಇಷ್ಟವಾದದ್ದು ಈ ಪದ ಕಾಲವನ್ನು ಹಿಡಿಯುವ ರೀತಿ. ‘ಲಿನಕ್ಸ್‌ಗೆ ಒಗ್ಗಿಲ್ಲ’ ಅಂದರೆ ಇನ್ನೂ ಆಗಿಲ್ಲ, ಮುಂದೆ ಆಗಬಹುದು. ‘ಒಗ್ಗುವುದಿಲ್ಲ’ ಅಂದರೆ ಆಸೆ ಬಿಡಿ. ‘ಒಗ್ಗಿಸಿದೆ’ ಅಂದರೆ ಕೂತು ಕೆಲಸ ಮಾಡಿ ದಾರಿಗೆ ತಂದೆ. ಇಂಗ್ಲಿಷಿನ ಆ ಒಂದು ಪದ ಇವೆಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತದೆ, ಓದಿದವನಿಗೆ ಪ್ರಯತ್ನ ಮಾಡಬೇಕೋ ಬಿಡಬೇಕೋ ಅಂತ ತಿಳಿಯುವುದೇ ಇಲ್ಲ.

ಹಾಗಂತ ಬೆಂಬಲವನ್ನು ಬಿಸಾಡಬೇಕು ಅಂತಲ್ಲ. ವಿನ್‌ಮೋಡೆಮ್ ಅಂತ ಒಂದು ಬಗೆ ಇತ್ತು. ಸದ್ದನ್ನು ಅಂಕಿಗಳಾಗಿ, ಅಂಕಿಗಳನ್ನು ಸದ್ದಾಗಿ ಮಾಡುವ ಕೆಲಸವನ್ನೆಲ್ಲ ಅದು ಕಂಪ್ಯೂಟರಿನ ಮೇಲೇ ಹೊರಿಸುತ್ತಿತ್ತು. ಆ ಕೆಲಸದ ಡ್ರೈವರ್ ಅನ್ನು ತಯಾರಕರು ಹೆಚ್ಚಾಗಿ ವಿಂಡೋಸ್‌ಗೆ ಮಾತ್ರ ಬರೆದರು, ಒಳಗಿನ ವಿವರವನ್ನೂ ಹೊರಗೆ ಕೊಡಲಿಲ್ಲ. ಅಲ್ಲಿ ‘ತಯಾರಕರ ಬೆಂಬಲವಿಲ್ಲ’ ಅನ್ನುವುದು ತಕ್ಕ ಮಾತು, ಏಕೆಂದರೆ ಕೊಡಬಹುದಾದವರು ಕೊಡಲಿಲ್ಲ. ಹಾಗಾಗಿ ನನ್ನ ಸಲಹೆ: ಮನುಷ್ಯರೋ ಕಂಪನಿಯೋ ಹೊಣೆ ಹೊರುವ ಕಡೆ ಬೆಂಬಲ, ಯಂತ್ರಕ್ಕೂ ತಂತ್ರಾಂಶಕ್ಕೂ ನಡುವೆ ಒಗ್ಗು. ‘ಹೊಂದಿಕೆ’ ಅನ್ನು ‘ಕಂಪ್ಯಾಟಿಬಲ್’ಗೆ ಆಗಲೇ ಬಳಸುತ್ತಿದ್ದೇವೆ, ಅದನ್ನು ಅಲ್ಲೇ ಬಿಡೋಣ.

ಇನ್ನು ಬಾಲದ ಪದಗಳು. ಫ್ಯಾಕ್ಸ್ ಮೋಡೆಮ್‌ಗಳಲ್ಲಿ ‘ಕ್ಲಾಸ್ 1’, ‘ಕ್ಲಾಸ್ 2’ ಅಂತ ಇವೆ. ‘ದರ್ಜೆ 1’ ಅಂತ ಬರೆದಿದ್ದೆ, ಓದಿದ ಗೆಳೆಯರೊಬ್ಬರು ಹಾಗಾದರೆ ನಿಮ್ಮದು ಒಳ್ಳೆಯ ಮೋಡೆಮ್ ಅಂದರು. ಮೊದಲ ದರ್ಜೆ ಅಂದರೆ ನಮಗೆ ಹಾಗೇ ಅಲ್ವಾ? ನಿಜ ಏನೆಂದರೆ ಕ್ಲಾಸ್ 1ರಲ್ಲಿ ಫ್ಯಾಕ್ಸಿನ ಮಾತುಕತೆಯನ್ನೆಲ್ಲ ಕಂಪ್ಯೂಟರೇ ನಡೆಸಬೇಕು, ಕ್ಲಾಸ್ 2ರಲ್ಲಿ ಹೆಚ್ಚಿನದನ್ನು ಮೋಡೆಮ್ ನೋಡಿಕೊಳ್ಳುತ್ತದೆ. ಈಗ ‘ಬಗೆ 1’ ಅಂತ ತಿದ್ದಿದ್ದೇನೆ. ನನ್ನದು ಬಗೆ 1 ಮಾತ್ರ ಬಲ್ಲದ್ದು, ಅದಕ್ಕೆ ‘ಇಫ್ಯಾಕ್ಸ್’ ಎಂಬ ಪುಟ್ಟ ತಂತ್ರಾಂಶ ಸಾಕಾಯಿತು.

ಕರೆ ಕೂಡದಿದ್ದಾಗ ಮೋಡೆಮ್ ಹೇಳುವ ‘ನೋ ಕ್ಯಾರಿಯರ್’ ಅನ್ನು ‘ವಾಹಕವಿಲ್ಲ’ ಅನ್ನೋಣವೇ? ವಾಹಕ ಅಂದರೆ ಶಾಲೆಯಲ್ಲಿ ಕಲಿತದ್ದು ತಾಮ್ರದ ತಂತಿ. ಓದಿದವರು ತಂತಿ ಕಿತ್ತಿದೆಯೇ ಅಂತ ನೋಡಲು ಎದ್ದು ಹೋಗುತ್ತಾರೆ. ‘ಆ ಕಡೆಯ ದನಿ ಸಿಗಲಿಲ್ಲ’ ಅಂದರೆ ಉದ್ದವಾಯಿತು ನಿಜ, ಆದರೆ ನಡೆದದ್ದು ಅದೇ. ‘ಹ್ಯಾಂಗ್ ಅಪ್’ಗೆ ಮಾತ್ರ ಯಾವ ಚರ್ಚೆಯೂ ಬೇಡ. ನಾವು ಫೋನ್ ಎತ್ತುತ್ತೇವೆ, ಫೋನ್ ಇಡುತ್ತೇವೆ. ‘ಎಟಿಎಚ್’ ಅಂದರೆ ಫೋನ್ ಇಡು. ದಯವಿಟ್ಟು ಯಾರೂ ‘ನೇತುಹಾಕು’ ಅಂತ ಬರೆಯಬೇಡಿ.

ಜಾಸ್ತಿ ತಲೆ ಕೆಡಿಸಿದ್ದು ‘ಟ್ರೈನಿಂಗ್’. ಕಳಿಸುವ ಯಂತ್ರ 1100 ಹರ್ಟ್ಸ್‌ನಲ್ಲಿ ಕೂಗುತ್ತದೆ, ಆ ಕಡೆಯದು 2100ರಲ್ಲಿ ಓಗೊಡುತ್ತದೆ. ಆಮೇಲೆ ಸೆಕೆಂಡಿಗೆ ಬರೀ 300 ಬಿಟ್ ವೇಗದಲ್ಲಿ ನಿನಗೆ ಏನೇನು ಬರುತ್ತದೆ, ನನಗೆ ಏನೇನು ಬರುತ್ತದೆ ಅಂತ ಮಾತಾಡಿಕೊಂಡು, ಪುಟ ಕಳಿಸುವ ಮುಂಚೆ ಒಂದಷ್ಟು ಸದ್ದು ಮಾಡಿ ಕೇಳಿಸಿಕೊಳ್ಳುತ್ತವೆ, ಆ ಲೈನಿನ ಗೊರಗೊರ ಎಷ್ಟು, ಎಳೆತ ಎಷ್ಟು ಅಂತ. ಸರಿಹೋಗದಿದ್ದರೆ 14400ರಿಂದ 12000, 9600 ಅಂತ ಇಳಿಯುತ್ತಾ ಬರುತ್ತವೆ. ನಮ್ಮದು 9600ರಲ್ಲಿ ನಿಂತಿತು. ಇದಕ್ಕೆ ‘ತರಬೇತಿ’ ಅಂದರೆ ಏನೇನೂ ಅರ್ಥವಾಗಲ್ಲ. ಹಾಡುವ ಮುಂಚೆ ತಂಬೂರಿಗೆ ದನಿ ಸೇರಿಸುತ್ತಾರಲ್ಲ, ಹಾಗೆ ‘ಶ್ರುತಿ ಕೂಡಿಸುವುದು’ ಅಂತ ಬರೆದಿದ್ದೇನೆ. ‘ಶ್ರುತಿ ಕೂಡಲಿಲ್ಲ, ವೇಗ ಇಳಿಸುತ್ತಿದ್ದೇನೆ’ ಅಂತ ಪರದೆಯ ಮೇಲೆ ಬಂದರೆ ನಿಮಗೆ ಸಹಜ ಅನ್ನಿಸುತ್ತದೆಯೇ, ಅತಿಯಾಯಿತೇ? ಸಂಗೀತ ಬಲ್ಲವರು ಹೇಳಿದರೆ ಒಳ್ಳೆಯದು.

ಕೊನೆಗೆ ಮತ್ತೆ ಒಗ್ಗು. ಮಲೆನಾಡಿನಲ್ಲಿ, ಬೆಂಗಳೂರಿನ ಕಡೆ ಇದನ್ನು ದಿನಾ ಕೇಳುತ್ತೇನೆ. ಮಂಗಳೂರಿನ ಕಡೆಯವರು ‘ನನಗೆ ಅದು ಆಗುವುದಿಲ್ಲ’ ಅನ್ನುವುದನ್ನೂ ಕೇಳಿದ್ದೇನೆ. ಧಾರವಾಡ, ಕಲಬುರ್ಗಿ ಕಡೆಯವರು ಊರಿನ ನೀರು ಹಿಡಿಸದಿದ್ದರೆ ಮನೆಯಲ್ಲಿ ಏನು ಅನ್ನುತ್ತೀರಿ? ಆ ಮಾತನ್ನೇ ಇದ್ದ ಹಾಗೆ ಬರೆದು ಕಳಿಸಿ. ಬರಹವನ್ನು ಮುಗಿಸುವುದು ಆಮೇಲೆ. ದೊಡ್ಡಪ್ಪನ ಆರು ಪುಟಗಳು ಮಾತ್ರ ಆವತ್ತೇ ಹೋಗಿ ಸೇರಿದವು.