ರೋಮ್‌ನಿಂದ ಕ್ರೂಸ್: ಹಡಗು ಹೊರಡುವ ದಿನ ಬೆಳಿಗ್ಗೆ ಇಳಿದರೆ ಸಾಕಾ?

ಗೋಣಿಕೊಪ್ಪದ ಸೊಸೆ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಯ ವಾರಕ್ಕೆ ಮೆಡಿಟರೇನಿಯನ್ ಕ್ರೂಸ್ ಬುಕ್ ಮಾಡಿದ್ದೇವೆ. ನಾನು, ನಮ್ಮ ಯಜಮಾನರು, ಅತ್ತೆ, ಮಾವ, ಒಟ್ಟು ನಾಲ್ಕು ಜನ. ಕೈಲ್‌ಪೊಳ್ದ್ ಹಬ್ಬ ಮುಗಿದಿರುತ್ತದೆ, ಕಾಫಿ ಕುಯ್ಲು ಇನ್ನೂ ಶುರುವಾಗಿರುವುದಿಲ್ಲ, ಅಕ್ಟೋಬರ್‌ನಲ್ಲಿ ತೀರ್ಥೋದ್ಭವಕ್ಕೆ ತಲಕಾವೇರಿಗೆ ಹೋಗಲೇಬೇಕು ಅಂತ ಮಾವನ ಹಟ, ಹಾಗಾಗಿ ತೋಟ ಬಿಟ್ಟು ಹೊರಡಲು ನಮಗೆ ಸಿಗುವುದು ಅದೊಂದೇ ಸಮಯ.

ಏಳು ರಾತ್ರಿಯ ಪ್ರವಾಸ. ರೋಮ್ ಹತ್ತಿರದ ಚಿವಿತಾವೆಕ್ಕಿಯಾ ಬಂದರಿನಲ್ಲಿ ಹತ್ತಿ ಅಲ್ಲೇ ಇಳಿಯುವುದು. ನಡುವೆ ಜಿನೋವಾ, ಮಾರ್ಸೇ, ಬಾರ್ಸಿಲೋನಾ, ಟ್ಯುನಿಸ್, ಪಲೆರ್ಮೊ. ಹಡಗು ಹೊರಡುವುದು ಸಂಜೆ 6ಕ್ಕೆ. ಏಜೆಂಟ್ ಹೇಳುತ್ತಿರುವ ಫ್ಲೈಟ್ ಅದೇ ದಿನ ಬೆಳಿಗ್ಗೆ 8ಕ್ಕೆ ರೋಮ್‌ಗೆ ಇಳಿಯುತ್ತದೆ. "ಹತ್ತು ಗಂಟೆ ಟೈಮ್ ಇದೆ ಮೇಡಂ, ಸುಮ್ನೆ ಹೋಟೆಲ್‌ಗೆ ಯಾಕೆ ದುಡ್ಡು ಹಾಕ್ತೀರಿ" ಅಂತಾರೆ. ಯಜಮಾನರಿಗೂ ಅದೇ ಸರಿ ಅನ್ನಿಸಿದೆ. ನನಗೆ ಮಾತ್ರ ಯಾಕೋ ಧೈರ್ಯ ಬರುತ್ತಿಲ್ಲ. ಅತ್ತೆಗೆ ಮಂಡಿನೋವು ಬೇರೆ, ಜಾಸ್ತಿ ನಡೆಯಲು ಆಗುವುದಿಲ್ಲ.

ಇನ್ನೊಂದು, ಯಜಮಾನರ ಗೆಳೆಯರು ಬೆಂಗಳೂರಿಗೆ ಯಾಕೆ ಹೋಗುತ್ತೀರಿ, ಕಣ್ಣೂರು ಪಕ್ಕದಲ್ಲೇ ಇದೆಯಲ್ಲ, ಅಲ್ಲಿಂದ ಅಬುಧಾಬಿಗೆ ಒಂದು ಟಿಕೆಟ್, ಅಲ್ಲಿಂದ ರೋಮ್‌ಗೆ ಇನ್ನೊಂದು ಟಿಕೆಟ್ ಮಾಡಿ, ಅಗ್ಗ ಅಂತ ತಲೆಗೆ ತುಂಬಿದ್ದಾರೆ. ವೀಸಾಗೆ ಇನ್ನೂ ಅರ್ಜಿ ಹಾಕಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಹಡಗಿನ ಅಡುಗೆಮನೆ

ಅಕ್ಕ, ನಿಮ್ಮ ಅಂಜಿಕೆ ಸರಿಯಾಗಿದೆ. ಏಜೆಂಟ್ ಲೆಕ್ಕ ತಪ್ಪು. ನಾನು ಕ್ರೂಸ್ ಹಡಗುಗಳಲ್ಲಿ ಕೆಲಸ ಮಾಡಿದವನು, ಈಗ ಸೋಮವಾರಪೇಟೆಯಲ್ಲಿ ಹೋಂಸ್ಟೇ ಇಟ್ಟುಕೊಂಡಿದ್ದೇನೆ.

ಹಡಗು ಹೊರಡುವುದು 6ಕ್ಕೆ ಅಂದರೆ ನೀವು 6ರವರೆಗೆ ಹತ್ತಬಹುದು ಅಂತಲ್ಲ. ಚೆಕ್ ಇನ್ ಅದಕ್ಕಿಂತ ಒಂದು ಗಂಟೆ, ಒಂದೂವರೆ ಗಂಟೆ ಮೊದಲೇ ಮುಚ್ಚುತ್ತದೆ, ಯಾಕೆಂದರೆ ಪ್ರಯಾಣಿಕರ ಪಟ್ಟಿಯನ್ನು ಅಂತಿಮ ಮಾಡಿ ಬಂದರಿನವರಿಗೆ ಕೊಡಬೇಕು. ಹಾಗಾಗಿ ನಿಮ್ಮ ಗಡುವು ನಾಲ್ಕೂವರೆ ಅಂತ ಇಟ್ಟುಕೊಳ್ಳಿ. ಈಗ ಅಲ್ಲಿಂದ ಹಿಂದಕ್ಕೆ ಬನ್ನಿ. ರೋಮ್‌ನ ಫಿಯುಮಿಚಿನೊ ಏರ್‌ಪೋರ್ಟ್‌ನಿಂದ ಬಂದರಿಗೆ ರಸ್ತೆಯಲ್ಲಿ ಸುಮಾರು ಒಂದು ಗಂಟೆ. ಅದಕ್ಕೆ ಮುಂಚೆ ಇಮಿಗ್ರೇಶನ್ ಕ್ಯೂ. 2025ರ ಅಕ್ಟೋಬರ್‌ನಿಂದ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಗಡಿಗಳಲ್ಲಿ ಹೊಸ ವ್ಯವಸ್ಥೆ ಬಂದಿದೆ, ಇಇಎಸ್ ಅಂತ. ಪಾಸ್‌ಪೋರ್ಟ್‌ಗೆ ಮೊಹರು ಒತ್ತುವ ಬದಲು ಫೋಟೋ, ಬೆರಳಚ್ಚು ತೆಗೆದು ದಾಖಲಿಸುತ್ತಾರೆ. ಆಮೇಲೆ ಬ್ಯಾಗ್‌ಗೆ ಕಾಯಬೇಕು. ಎಲ್ಲ ಸರಿಯಾಗಿ ನಡೆದರೆ ಹನ್ನೆರಡಕ್ಕೆ ಬಂದರಿನಲ್ಲಿರುತ್ತೀರಿ, ಒಪ್ಪಿದೆ. ಆದರೆ ನಡುವಿನ ಏರ್‌ಪೋರ್ಟ್‌ನಲ್ಲಿ ಒಂದು ಕನೆಕ್ಷನ್ ತಪ್ಪಿತು ಅಂದುಕೊಳ್ಳಿ, ಮುಂದಿನ ಫ್ಲೈಟ್ ಸಂಜೆಗೋ ಮರುದಿನಕ್ಕೋ. ಅಷ್ಟು ಹೊತ್ತಿಗೆ ಹಡಗು ಜಿನೋವಾ ದಾರಿಯಲ್ಲಿರುತ್ತದೆ.

ಬಸ್ಸಾದರೆ ಕಂಡಕ್ಟರ್‌ಗೆ ಫೋನ್ ಮಾಡಿ ಎರಡು ನಿಮಿಷ ನಿಲ್ಲಿಸಿ ಅನ್ನಬಹುದು, ಹಡಗು ನಿಲ್ಲುವುದಿಲ್ಲ. ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ಹೋಗಬೇಕು, ಅಲ್ಲಿ ಹತ್ತಲು ಕಂಪನಿಯ ಒಪ್ಪಿಗೆಯೂ ಬೇಕು. ಹತ್ತಲಾಗದಿದ್ದರೆ ಕಟ್ಟಿದ ದುಡ್ಡು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಒಂದು ದಿನ ಮುಂಚೆ ಹೋಗುವುದು ಕನಿಷ್ಠ. ಎರಡು ರಾತ್ರಿ ಇದ್ದರೆ ಇನ್ನೂ ಒಳ್ಳೆಯದು, ಬ್ಯಾಗ್‌ಗೋಸ್ಕರ. ನೀವು ಸಮಯಕ್ಕೆ ತಲುಪಿ ಬ್ಯಾಗ್ ತಲುಪದೇ ಹೋದರೆ, ಹಡಗಿನ ಬೆನ್ನು ಹತ್ತಿ ಬ್ಯಾಗ್ ಓಡಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಮ್ಮ ಕಿಚನ್‌ಗೆ ಬಂದು ಟೀಶರ್ಟ್ ಕೇಳಿದವರೂ ಇದ್ದಾರೆ.

ಮಾಕುಟ್ಟ ದಾರಿ

ಕಣ್ಣೂರಿನ ವಿಷಯ ನಾನು ಹೇಳುತ್ತೇನೆ, ಊರು ವಿರಾಜಪೇಟೆ. ಮಟ್ಟನ್ನೂರಿನಲ್ಲಿರುವ ಕಣ್ಣೂರು ಏರ್‌ಪೋರ್ಟ್ 2018ರ ಡಿಸೆಂಬರ್‌ನಲ್ಲಿ ಶುರುವಾದಾಗಿನಿಂದ ಗಲ್ಫ್‌ನಲ್ಲಿರುವ ನಮ್ಮ ಕಡೆಯವರಿಗೆ ಅದು ವರ. ಮಾಕುಟ್ಟ ಘಾಟಿ ಇಳಿದರೆ ಎರಡು ಗಂಟೆಯ ದಾರಿ. ಆದರೆ ಯುರೋಪಿಗೆ ಹೋಗುವವರಿಗೆ ಲೆಕ್ಕ ಬೇರೆ. ಅಲ್ಲಿಂದ ವಿದೇಶಿ ಏರ್‌ಲೈನ್‌ಗಳು ಹಾರುವುದಿಲ್ಲ, ನಮ್ಮ ದೇಶದವೇ ಗಲ್ಫ್‌ಗೆ ಹೋಗುತ್ತವೆ.

ಎರಡು ಬೇರೆ ಬೇರೆ ಟಿಕೆಟ್ ಮಾಡಿದರೆ ಏನಾಗುತ್ತದೆ ಗೊತ್ತಾ? ಕಣ್ಣೂರಿನಲ್ಲಿ ಹಾಕಿದ ಬ್ಯಾಗ್ ಸಾಮಾನ್ಯವಾಗಿ ಅಬುಧಾಬಿಯವರೆಗೆ ಮಾತ್ರ. ಅದನ್ನು ತೆಗೆದುಕೊಂಡು ಮತ್ತೆ ಚೆಕ್ ಇನ್ ಮಾಡಬೇಕೆಂದರೆ ಇಮಿಗ್ರೇಶನ್ ದಾಟಿ ಹೊರಗೆ ಬರಬೇಕು, ಅದಕ್ಕೆ ಯುಎಇ ವೀಸಾ ಬೇಕು. ಒಂದೇ ಟಿಕೆಟ್ ಆದರೆ ಬ್ಯಾಗ್ ನೇರ ರೋಮ್‌ಗೆ, ನೀವು ಒಳಗೇ ಫ್ಲೈಟ್ ಬದಲಾಯಿಸುತ್ತೀರಿ, ಈ ತಾಪತ್ರಯ ಇಲ್ಲ. ಅದಕ್ಕಿಂತ ಮುಖ್ಯ, ಮೊದಲ ಫ್ಲೈಟ್ ತಡವಾಗಿ ಎರಡನೆಯದು ತಪ್ಪಿದರೆ ಬೇರೆ ಫ್ಲೈಟ್ ಕೊಡುವ ಜವಾಬ್ದಾರಿ ಏರ್‌ಲೈನ್‌ನದು. ಎರಡು ಟಿಕೆಟ್ ಆದರೆ "ನಮಗೂ ಅದಕ್ಕೂ ಸಂಬಂಧ ಇಲ್ಲ" ಅಂತಾರೆ, ಮುಗಿಯಿತು.

ಮತ್ತೆ ಸೆಪ್ಟೆಂಬರ್ ಅಂದರೆ ಮಳೆ ಪೂರ್ತಿ ಹೋಗಿರುವುದಿಲ್ಲ. 2018ರಲ್ಲಿ ಮಾಕುಟ್ಟ ರಸ್ತೆ ಕುಸಿದು ಬಂದ್ ಆಗಿದ್ದು ನೆನಪಿದೆಯಲ್ಲ.

ಬೆಂಗಳೂರಿನಿಂದಲೇ ಹೋಗಿ. ಅಲ್ಲಿಂದ ದುಬೈ, ದೋಹಾ, ಅಬುಧಾಬಿ, ಫ್ರಾಂಕ್‌ಫರ್ಟ್, ಪ್ಯಾರಿಸ್, ಯಾವುದರ ಮೂಲಕ ಬೇಕಾದರೂ ರೋಮ್‌ಗೆ ಒಂದೇ ಟಿಕೆಟ್ ಸಿಗುತ್ತದೆ. ಗಲ್ಫ್ ಮೂಲಕ ಹೋದರೆ ಷೆಂಗೆನ್ ಇಮಿಗ್ರೇಶನ್ ರೋಮ್‌ನಲ್ಲಿ. ಫ್ರಾಂಕ್‌ಫರ್ಟ್, ಪ್ಯಾರಿಸ್ ಆದರೆ ಅಲ್ಲೇ, ಕನೆಕ್ಷನ್ ನಡುವೆ. ಹಾಗಾಗಿ ಅಲ್ಲಿ ಒಂದೂಕಾಲು ಗಂಟೆಯ ಕನೆಕ್ಷನ್ ತೋರಿಸಿದರೆ ಒಪ್ಪಬೇಡಿ, ಮೂರು ಗಂಟೆ ಇರಲಿ. ಅತ್ತೆಗೆ ವೀಲ್‌ಚೇರ್ ಬೇಕು ಅಂತ 48 ಗಂಟೆ ಮೊದಲೇ ಏರ್‌ಲೈನ್‌ಗೆ ಹೇಳಿಡಿ.

ಗೋಣಿಕೊಪ್ಪದಿಂದ ತಿತಿಮತಿ, ಹುಣಸೂರು, ಮೈಸೂರು ದಾಟಿ ದೇವನಹಳ್ಳಿ ಸೇರುವುದೇ ಒಂದು ದೊಡ್ಡ ಪ್ರಯಾಣ, ಏಳು ಗಂಟೆ ಹಿಡಿಯಿರಿ. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಬೆಂಗಳೂರಿನ ಬಾಗಿಲಿಗೆ ಬೇಗ ತಲುಪುತ್ತೇವೆ, ಕಷ್ಟ ಶುರುವಾಗುವುದು ಅಲ್ಲಿಂದ. ನಡುರಾತ್ರಿ ಫ್ಲೈಟ್ ಆದರೆ ಬೆಳಿಗ್ಗೆಯೇ ಹೊರಟು ಮೈಸೂರಿನಲ್ಲಿ ಊಟ, ವಿಶ್ರಾಂತಿ. ಕಾರು ಬೇಡ ಅಂದರೆ ಮೈಸೂರಿನಿಂದ ಏರ್‌ಪೋರ್ಟ್‌ಗೆ ಫ್ಲೈಬಸ್ ಇದೆ.

ಕುಶಾಲನಗರ ಕಾವೇರಿ

ವೀಸಾ ಬಗ್ಗೆ ಯಾರೂ ಹೇಳಲಿಲ್ಲ. ತಡ ಮಾಡಬೇಡಿ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು, 15 ದಿನಕ್ಕಿಂತ ಕಡಿಮೆ ಇದ್ದರೆ ತಡವಾದಂತೆ. ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ.

ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಅವರ ಹತ್ತಿರ ಅರ್ಜಿ ಹಾಕಬೇಕು, ನಿಮಗೆ ಅದು ಇಟಲಿ. ಈಗ ದೊಡ್ಡವರಿಗೆ ಶುಲ್ಕ 90 ಯೂರೋ, ಜೊತೆಗೆ ಅರ್ಜಿ ತೆಗೆದುಕೊಳ್ಳುವ ವೀಸಾ ಸೆಂಟರ್‌ನವರ ಚಾರ್ಜ್. ಕನಿಷ್ಠ 30,000 ಯೂರೋ ಮೊತ್ತದ ಮೆಡಿಕಲ್ ಇನ್ಶೂರೆನ್ಸ್ ಕಡ್ಡಾಯ. ಇನ್ಶೂರೆನ್ಸ್ ತೆಗೆದುಕೊಳ್ಳುವಾಗ ಕನೆಕ್ಷನ್ ತಪ್ಪಿದರೆ, ಬ್ಯಾಗ್ ತಡವಾದರೆ ಏನು ಕೊಡುತ್ತಾರೆ ಅಂತಲೂ ಓದಿ. ಮಾವ, ಅತ್ತೆಗೆ ಬಿಪಿ, ಶುಗರ್ ಇದ್ದರೆ ಮುಚ್ಚಿಡದೆ ಬರೆಸಿ.

ನಿಮ್ಮ ಪಟ್ಟಿಯಲ್ಲಿ ಟ್ಯುನಿಸ್ ಇದೆ, ಅದನ್ನು ಗಮನಿಸಿದಿರಾ? ಟ್ಯುನೀಷಿಯಾ ಷೆಂಗೆನ್‌ಗೆ ಸೇರಿಲ್ಲ. ಅಲ್ಲಿಗೆ ಹೋಗಿ ಮತ್ತೆ ಪಲೆರ್ಮೊಗೆ ಬಂದರೆ ಅದು ಎರಡನೇ ಪ್ರವೇಶ. ಹಾಗಾಗಿ ಮಲ್ಟಿಪಲ್ ಎಂಟ್ರಿ ಕೇಳಿ, ಹಡಗಿನ ಮಾರ್ಗದ ಪ್ರತಿ ಜೊತೆಗಿಡಿ. ಭಾರತೀಯ ಪಾಸ್‌ಪೋರ್ಟ್‌ನವರಿಗೆ ಟ್ಯುನಿಸ್‌ಗೆ ಏನು ಬೇಕು ಅಂತ ಕ್ರೂಸ್ ಕಂಪನಿಯಿಂದಲೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಫೋನ್‌ನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಪ್ಲಾಂಟರ್‌ಗಳಿಗೆ ಒಂದು ವಿಶೇಷ ತೊಂದರೆ ಇದೆ. ಬರೀ ಕಾಫಿ ಬೆಳೆದು ಮಾರುವವರ ಆದಾಯ ಕೃಷಿ ಆದಾಯ, ಆದಾಯ ತೆರಿಗೆ ರಿಟರ್ನ್ ನೋಡಿದರೆ ಏನೂ ಇಲ್ಲದವರ ಹಾಗೆ ಕಾಣುತ್ತದೆ. ವೀಸಾ ಆಫೀಸರ್‌ಗೆ ನಮ್ಮ ತೋಟ ಗೊತ್ತಿರುವುದಿಲ್ಲವಲ್ಲ. ಆರ್‌ಟಿಸಿ, ಕಾಫಿ, ಮೆಣಸು ಮಾರಿದ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, ಇವನ್ನೆಲ್ಲ ಸೇರಿಸಿ ಅರ್ಧ ಪುಟದ ಇಂಗ್ಲಿಷ್ ಪತ್ರ ಬರೆಯಿರಿ. ಅರ್ಜಿಗೆ ಎರಡು ದಿನ ಮುಂಚೆ ಅಕೌಂಟ್‌ಗೆ ದೊಡ್ಡ ಮೊತ್ತ ತಂದು ಹಾಕಬೇಡಿ, ಅದು ಅನುಮಾನಕ್ಕೆ ದಾರಿ.

ಹೆಸರು ಇನ್ನೊಂದು. ನಮ್ಮಲ್ಲಿ ಮನೆಹೆಸರು ಮುಂದೆ, ಸ್ವಂತ ಹೆಸರು ಹಿಂದೆ. ಪಾಸ್‌ಪೋರ್ಟ್‌ನಲ್ಲಿ ಒಬ್ಬೊಬ್ಬರದು ಒಂದೊಂದು ರೀತಿ ಇರುತ್ತದೆ. ಟಿಕೆಟ್, ಕ್ರೂಸ್ ಬುಕಿಂಗ್, ಇನ್ಶೂರೆನ್ಸ್, ಎಲ್ಲದರಲ್ಲೂ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಹಾಕಿಸಿ.

ಗೋಣಿಕೊಪ್ಪದ ಸೊಸೆ

ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ಯಜಮಾನರಿಗೆ ಓದಿಸಿದೆ, ಕಣ್ಣೂರು ಕೈಬಿಟ್ಟರು. ಎರಡು ದಿನ ಮುಂಚೆ ಹೋಗುವುದು ಅಂತ ಆಯಿತು. ಈಗ ಹೋಟೆಲ್ ಎಲ್ಲಿ? ಬಂದರಿನ ಪಕ್ಕವೋ, ರೋಮ್‌ನಲ್ಲೋ? ವಾಪಸ್ ಬರುವ ದಿನ 11 ಗಂಟೆಯ ಫ್ಲೈಟ್ ಅಗ್ಗಕ್ಕಿದೆ, ಹಿಡಿಯಬಹುದಾ? ಮಾವನದೂ ಒಂದು ಪ್ರಶ್ನೆ ಇದೆ: ಹಡಗಿನ ಗಾಲಾ ನೈಟ್‌ಗೆ ಕೋಟು, ಟೈ ಬದಲು ನಮ್ಮ ಕೊಡವ ಉಡುಪು ಕುಪ್ಯ ಚೇಲೆ ಹಾಕಿಕೊಳ್ಳಬಹುದಾ?

ಮಾಕುಟ್ಟ ದಾರಿ

ಮಂಡಿನೋವು ಇದ್ದರೆ ನನ್ನ ಓಟು ಚಿವಿತಾವೆಕ್ಕಿಯಾಗೆ. ಸಣ್ಣ ಊರು, ಸಮುದ್ರದ ದಂಡೆ, ಮರುದಿನ ಹತ್ತು ನಿಮಿಷದಲ್ಲಿ ಬಂದರು.

ಹಡಗಿನ ಅಡುಗೆಮನೆ

ನಾನು ಒಪ್ಪುವುದಿಲ್ಲ ಅಣ್ಣ. ಎರಡು ರಾತ್ರಿ ಸಿಕ್ಕಿದೆ, ರೋಮ್‌ವರೆಗೆ ಹೋಗಿ ರೋಮ್ ನೋಡದೆ ಬಂದರಿನಲ್ಲಿ ಕೂರುವುದಾ? ವ್ಯಾಟಿಕನ್ ಹತ್ತಿರ ಸ್ಯಾನ್ ಪಿಯೆತ್ರೊ ಅಂತ ಸ್ಟೇಷನ್ ಇದೆ, ಅದರ ಆಸುಪಾಸಿನಲ್ಲಿ ಹೋಟೆಲ್ ನೋಡಿ. ಲಿಫ್ಟ್ ಇದೆಯಾ ಅಂತ ಮೊದಲೇ ಕೇಳಿ, ಹಳೇ ಕಟ್ಟಡಗಳಲ್ಲಿ ಎಷ್ಟೋ ಕಡೆ ಇರುವುದಿಲ್ಲ. ಉಚಿತವಾಗಿ ಕ್ಯಾನ್ಸಲ್ ಮಾಡಬಹುದಾದ ರೂಮೇ ಹಿಡಿಯಿರಿ, ವೀಸಾ ಇನ್ನೂ ಕೈಗೆ ಬಂದಿಲ್ಲ. ರೂಮಿನ ಬಾಡಿಗೆ ಅಲ್ಲದೆ ತಲೆಗೆ, ರಾತ್ರಿಗೆ ಇಷ್ಟು ಅಂತ ನಗರ ತೆರಿಗೆ ಹೋಟೆಲ್‌ನಲ್ಲೇ ಕೊಡಬೇಕು.

ಸ್ಯಾನ್ ಪಿಯೆತ್ರೊದಿಂದ ಬಂದರಿನ ಊರಿಗೆ ನೇರ ಲೋಕಲ್ ರೈಲು ಇದೆ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಟಿಕೆಟ್ ಬಹಳ ಕಡಿಮೆ. ಆದರೆ ಅಲ್ಲಿ ಇಳಿದ ಮೇಲೆ ಬ್ಯಾಗ್ ಎಳೆದುಕೊಂಡು ಶಟಲ್ ಬಸ್ ಹಿಡಿದು ಲಾರ್ಗೊ ದೆಲ್ಲಾ ಪಾಚೆಗೆ ಹೋಗಬೇಕು, ಅಲ್ಲಿಂದ ಬಂದರಿನೊಳಗಿನ ಬಸ್. ವಯಸ್ಸಾದವರ ಜೊತೆ ಇದು ಬೇಡ. ನಾಲ್ಕು ಜನ, ನಾಲ್ಕು ದೊಡ್ಡ ಬ್ಯಾಗ್ ಅಂದರೆ ಸಾಮಾನ್ಯ ಟ್ಯಾಕ್ಸಿ ಸಾಲದು, ವ್ಯಾನ್ ಮೊದಲೇ ಬುಕ್ ಮಾಡಿ. ಹೋಟೆಲ್ ಬಾಗಿಲಿನಿಂದ ಹಡಗಿನ ಟರ್ಮಿನಲ್‌ವರೆಗೆ. ಉಳಿತಾಯ ಬೇರೆ ಎಲ್ಲಾದರೂ ಮಾಡಿ, ಇಲ್ಲಿ ಬೇಡ. ಬೇಕಿದ್ದರೆ ಸಮುದ್ರ ಕಾಣುವ ಬಾಲ್ಕನಿ ಬಿಟ್ಟು ಕಿಟಕಿ ಇರುವ ರೂಮ್ ತೆಗೆದುಕೊಳ್ಳಿ.

ಟರ್ಮಿನಲ್‌ನಲ್ಲಿ ದೊಡ್ಡ ಬ್ಯಾಗ್ ಕೊಟ್ಟ ಮೇಲೆ ಅದು ರೂಮಿಗೆ ಬರುವುದು ಸಂಜೆಗೆ. ಪಾಸ್‌ಪೋರ್ಟ್, ಮಾತ್ರೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಹಡಗು ದಡ ಬಿಟ್ಟ ತಕ್ಷಣ ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಅದು ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದು ಬಿಲ್ ಏರಿಸುತ್ತದೆ. ಮನೆಯಿಂದ ಪಂದಿ ಕರಿ, ತುಪ್ಪ ಎಲ್ಲ ಬೇಡ, ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ತರಲು ಯುರೋಪಿನಲ್ಲಿ ಬಿಡುವುದಿಲ್ಲ.

11ರ ಫ್ಲೈಟ್ ಬೇಡವೇ ಬೇಡ. ಹಡಗು ಬೆಳಿಗ್ಗೆ 7ಕ್ಕೆ ಬಂದರೂ ಬ್ಯಾಗ್ ಬಣ್ಣದ ಚೀಟಿ ಪ್ರಕಾರ ಗುಂಪು ಗುಂಪಾಗಿ ಇಳಿಸುತ್ತಾರೆ, ನಿಮ್ಮ ಸರದಿ 9ಕ್ಕೆ ಬರಬಹುದು. ಮಧ್ಯಾಹ್ನ 2ರ ನಂತರದ್ದು ನೋಡಿ. ಕುಪ್ಯ ಚೇಲೆ ಖಂಡಿತ ಹಾಕಿಕೊಳ್ಳಲಿ, ದೇಶದ ಉಡುಪಿಗೆ ಫಾರ್ಮಲ್ ನೈಟ್‌ನಲ್ಲಿ ಯಾರೂ ಬೇಡ ಅನ್ನುವುದಿಲ್ಲ, ಫೋಟೋ ತೆಗೆಸಿಕೊಳ್ಳಲು ಕ್ಯೂ ನಿಲ್ಲುತ್ತಾರೆ ನೋಡಿ. ಅದರ ಜೊತೆ ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಮಾತ್ರ ಮನೆಯಲ್ಲೇ ಬಿಡಲು ಹೇಳಿ. ಹಡಗು ಹತ್ತುವ ದಾರಿಯಲ್ಲೂ (ಗ್ಯಾಂಗ್‌ವೇ) ಸ್ಕ್ಯಾನರ್ ಇದೆ, ಕಿತ್ತು ಇಟ್ಟುಕೊಳ್ಳುತ್ತಾರೆ.